ಅಪ್ಪನ ಪಾಲಿನ ಒಣಖಂಡ

"ನಿನ್ನೆ ರಾತ್ರಿ ಏನ್ ಊಟ ಮಾಡಿದ್ರಿ ಯಜಮಾನ್ರೇ?"

ಕಲಬುರಗಿಯ ಕಿಡ್ನಿ ಡಾಕ್ಟರ್ ಕೇಳಿದ್ದು ಇಷ್ಟೇ. ಅಪ್ಪ ನೆಲ ನೋಡಿದ. "ರೊಟ್ಟಿ, ಬದ್ನಿಕಾಯಿ ಪಲ್ಯಾ ರೀ" ಅಂದ.

ನಾನು ಪಕ್ಕದಲ್ಲಿ ರಿಪೋರ್ಟ್ ಹಿಡಿದು ಕೂತಿದ್ದೆ. ಮೂರು ತಿಂಗಳ ಹಿಂದೆ 2.1 ಇದ್ದ ಕ್ರಿಯಾಟಿನಿನ್ ಈಗ 2.7. ಬಿಪಿ 168ಕ್ಕೆ 100. ಡಾಕ್ಟರ್ ಅಪ್ಪನ ಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ನಾದಿದ ಹಿಟ್ಟಿನಲ್ಲಿ ಬೆರಳಿಟ್ಟ ಹಾಗೆ ಗುಳಿ ಅಲ್ಲೇ ಉಳಿಯಿತು.

"ಬದ್ನಿಕಾಯಿದಾಗ ಬರೇ ಬದ್ನಿಕಾಯಿ ಇತ್ತೋ, ಒಣಖಂಡಾನೂ ಇತ್ತೋ?"

ಡಾಕ್ಟರ್ ನಮ್ಮ ಕಡೆಯವರೇ. ಅಪ್ಪ ನಕ್ಕುಬಿಟ್ಟ. ಪರೀಕ್ಷೆಯಲ್ಲಿ ಚೀಟಿ ಸಮೇತ ಸಿಕ್ಕಿಬಿದ್ದ ಹುಡುಗನ ನಗು ಅದು.

ಆಮೇಲೆ ಡಾಕ್ಟರ್ ಹೇಳಿದ್ದು ನನಗೆ ಹೊಸದು. ಮಾಂಸ ಬೇಯುವಾಗ ಅದರೊಳಗಿನ ಕ್ರಿಯಾಟಿನ್ ಅನ್ನೋ ವಸ್ತು ಸ್ವಲ್ಪ ಕ್ರಿಯಾಟಿನಿನ್ ಆಗಿ ಬದಲಾಗುತ್ತದಂತೆ. ಹಾಗಾಗಿ ಮಾಂಸದೂಟ ಮಾಡಿದ ಕೆಲವು ಗಂಟೆಗಳವರೆಗೆ ರಕ್ತದಲ್ಲೂ ಅಂಕಿ ಏರಿರುತ್ತದೆ. "ಈ 2.7ರಾಗ ನಿನ್ನೆ ತಾಟಿನ ಪಾಲೂ ಸ್ವಲ್ಪ ಇರಬಹುದು. ಮೂರು ವಾರ ಬಿಟ್ಟು ಮತ್ತ ನೋಡೋಣು, ಹಿಂದಿನ ದಿನ ಮಾಂಸ ಬ್ಯಾಡ. ಆದ್ರ ಈ ಬಾವು, ಈ ಬಿಪಿ ಅದಾವಲ್ಲ, ಇವು ಸುಳ್ಳು ಹೇಳಂಗಿಲ್ಲ. ಇದು ಉಪ್ಪಿನ ಕೆಲಸ."

ಕಕ್ಕೇರಾಕ್ಕೆ ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಅಪ್ಪನ ಜೊತೆ ಒಂದು ಮಾತೂ ಆಡಲಿಲ್ಲ. ಬೆಂಗಳೂರಿನಿಂದ ಎರಡು ದಿನ ರಜೆ ಹಾಕಿ ಬಂದಿದ್ದೆ. ತಿಂಗಳಿಗೆ ಸಾವಿರಾರು ರೂಪಾಯಿ ಗುಳಿಗಿ ಕಳಿಸುತ್ತಿದ್ದೆ. ಇಷ್ಟಾಗಿಯೂ ಈ ಮನುಷ್ಯ ಕದ್ದು ಒಣಖಂಡ ತಿಂತಾನಲ್ಲ ಅಂತ ಸಿಟ್ಟು.

ಮನೆಗೆ ಬಂದು ಹುಡುಕಿದೆ. ಡಬ್ಬಿ ಸಿಕ್ಕಿದ್ದು ಜ್ವಾಳದ ಚೀಲದ ಹಿಂದೆ. ಅವ್ವಗೂ ಗೊತ್ತಿತ್ತು. "ಏನ್ ಮಾಡ್ಲಿ ಯವ್ವಾ, ಅವರಕ್ಕ ಕಳಿಸ್ಯಾಳ. ಒಗಿ ಅಂದ್ರ ಒಗೀಲೇನು?" ಅಂದಳು.

ನೋಡದವರಿಗಾಗಿ ಹೇಳುತ್ತೇನೆ. ಒಣಖಂಡ ಅಂದರೆ ಬಿಸಿಲಿನಲ್ಲಿ ಒಣಗಿಸಿದ ಕುರಿ ಮಾಂಸ. ಜಾತ್ರೆ ಮಾರನೇ ದಿನ ಮನೆಯಲ್ಲಿ ಕುರಿ ಬಿದ್ದಾಗ, ಬೀಗರು ಬಿಜ್ಜರು ಉಂಡು ಉಳಿದ ಖಂಡವನ್ನು ಉದ್ದುದ್ದ ಸೀಳುತ್ತಾರೆ. ಉಪ್ಪು, ಅರಿಶಿಣ ಹಚ್ಚಿ ತಿಕ್ಕಿ, ದಾರಕ್ಕೆ ಪೋಣಿಸಿ ಮಾಳಿಗಿ ಮೇಲೆ ಕಟ್ಟುತ್ತಾರೆ. ನೊಣ ಕೂರದ ಹಾಗೆ ಮೇಲೊಂದು ಹಳೇ ತೆಳು ಸೀರೆ. ಕಾಗೆ ಕಾಯೋಕೆ ಒಂದು ಹುಡುಗ ಅಥವಾ ಹುಡುಗಿ. ನಮ್ಮನೆಯಲ್ಲಿ ಅದು ನಾನೇ. ನಮ್ಮ ಯಾದಗಿರಿ ಜಿಲ್ಲೆಯ ಮೇ ತಿಂಗಳ ಬಿಸಿಲಿಗೆ ಮೂರ್ನಾಲ್ಕು ದಿನದಲ್ಲಿ ಖಂಡ ಕಟ್ಟಿಗೆಯ ಹಾಗೆ ಆಗುತ್ತದೆ. ಕೆಂಡದ ಮೇಲೆ ಸುಟ್ಟು, ಕಲ್ಲಿನಿಂದ ಜಜ್ಜಿ, ಬಳ್ಳೊಳ್ಳಿ ಖಾರದ ಜೊತೆ ರೊಟ್ಟಿಗೆ ಹಚ್ಚಿಕೊಂಡರೆ ಬೇರೆ ಪಲ್ಯ ಬೇಕಾಗಿಲ್ಲ. ಬದ್ನಿಕಾಯಿ ಅಥವಾ ಪುಂಡಿಪಲ್ಯದಲ್ಲಿ ನಾಲ್ಕು ತುಣುಕು ಹಾಕಿದರೆ ಆ ವಾಸನೆಗೆ ಓಣಿಯಲ್ಲಿ ಯಾರ ಮನೆಯಲ್ಲಿ ಏನು ಅಡುಗೆ ಅನ್ನೋದು ಗೊತ್ತಾಗುತ್ತದೆ. ಬರೆಯುವಾಗಲೇ ಬಾಯಲ್ಲಿ ನೀರು ಬರ್ತಿದೆ, ಸುಳ್ಳು ಯಾಕೆ ಹೇಳಲಿ.

ಆದರೆ ಅಪ್ಪನಿಗೆ ಅದು ಬರೀ ರುಚಿ ಅಲ್ಲ ಅನ್ನೋದು ನನಗೆ ಆಗ ಹೊಳೆದಿರಲಿಲ್ಲ.

ಅಪ್ಪ ಗೌಂಡಿ. ನಮ್ಮ ಕಡೆಯ ಎಷ್ಟೋ ಜನರ ಹಾಗೆ ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ದುಡಿಯೋಕೆ ಹೋದವನು ಹದಿನಾರು ವರ್ಷ ಅಲ್ಲೇ ಉಳಿದ. ಶೆಡ್ಡಿನಲ್ಲಿ ಮಲಗಿ, ಹನ್ನೊಂದನೇ ಮಹಡಿಗೆ ಇಟ್ಟಿಗೆ ಕಟ್ಟಿದ. ನಮ್ಮತ್ತಿಯ ಊರಿನ ಜಾತ್ರೆ ಬೇಸಿಗೆಯಲ್ಲಿ. ಬೇಸಿಗೆಯಲ್ಲಿ ಕಟ್ಟಡದ ಕೆಲಸ ಜೋರು, ಮೇಸ್ತ್ರಿ ಬಿಡುತ್ತಿರಲಿಲ್ಲ. ಅಪ್ಪ ಬರುತ್ತಿದ್ದದ್ದು ಕಾರಹುಣ್ಣಿಮೆಗೆ. ಅಷ್ಟರವರೆಗೆ ಅವನ ಪಾಲು ಹಸಿಯಾಗಿ ಉಳಿಯುತ್ತದೆಯೇ? ಅತ್ತಿ ಒಣಗಿಸಿ ಡಬ್ಬಿಯಲ್ಲಿ ಇಡುತ್ತಿದ್ದಳು. ತನ್ನ ಮಕ್ಕಳು ಕೇಳಿದರೂ ಆ ಡಬ್ಬಿ ತೆಗೆಯುತ್ತಿರಲಿಲ್ಲವಂತೆ. ಅಪ್ಪ ತಿರುಗಿ ಬೆಂಗಳೂರಿಗೆ ಹೋಗುವಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟಿನಲ್ಲಿ ಆ ಡಬ್ಬಿಯೂ ಇರುತ್ತಿತ್ತು.

ಸೊಂಟ ನೋವು ಶುರುವಾದದ್ದೂ ಅದೇ ವರ್ಷಗಳಲ್ಲಿ. ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗಿ, ದಿನಕ್ಕೆ ಎರಡು, ವರ್ಷಗಟ್ಟಲೆ. ಜೊತೆಗೆ ಶುಗರ್, ಬಿಪಿ. ಕಿಡ್ನಿಯನ್ನು ತಿಂದವು ಇವು ಮೂರು. ಊರಲ್ಲಿ ಮಾತ್ರ ಎಲ್ಲರೂ ನೀರಿನ ಕಡೆ ಬೆರಳು ತೋರಿಸಿದರು. ನಮ್ಮ ಸುರಪುರ ತಾಲ್ಲೂಕಿನದೇ ಕಿರದಳ್ಳಿ ತಾಂಡಾದ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿ ಸುದ್ದಿಯಾಗಿತ್ತು, ಹಾಗಾಗಿ ಅನುಮಾನ ಸಹಜ. ಆದರೆ ಅಪ್ಪನ ವಿಷಯದಲ್ಲಿ ಡಾಕ್ಟರಿಗೆ ಅನುಮಾನವೇ ಇರಲಿಲ್ಲ.

ಅವತ್ತು ನಾನು ಅತ್ತಿಗೆ ಫೋನ್ ಹಚ್ಚಿದೆ. ಹಚ್ಚಬಾರದಿತ್ತು. "ಅತ್ತೀ, ನಿನ್ನ ಖಂಡಾ ತಿಂದೇ ಅಪ್ಪನ ಕಿಡ್ನಿ ಹೊಂಟಾವು. ಇನ್ನ ಕಳಸಬ್ಯಾಡ" ಅಂದೆ. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಆತು ಬಿಡವಾ" ಅಂತ ಇಟ್ಟುಬಿಟ್ಟಳು.

ಡಬ್ಬಿ ಪಕ್ಕದ ಮನೆಗೆ ಹೋಯಿತು. ನಾನು ಅಪ್ಪನನ್ನು ಬೆಂಗಳೂರಿಗೆ ಕರೆದುಕೊಂಡು ಬಂದೆ. "ಮೂರು ವಾರ ನನ್ನ ಜೊತಿ ಇರು, ಹೆಂಗ ಕಡಿಮಿ ಆಗಂಗಿಲ್ಲ ನೋಡ್ತೀನಿ" ಅಂತ.

ಈಗ ನನ್ನ ಕತೆ ಕೇಳಿ. ಬೆಳಿಗ್ಗೆ ಎಂಟೂವರೆಗೆ ಆಫೀಸಿನ ಕ್ಯಾಬ್. ಅಪ್ಪನಿಗೆ ಏನು ಮಾಡಿಡೋದು? ಫ್ರಿಜ್ಜಿನಲ್ಲಿ ಚಿಕನ್ ಸಾಸೇಜ್ ಇತ್ತು, ಸಲಾಮಿ ಇತ್ತು. ನಾನು ವಾರದಲ್ಲಿ ಮೂರು ದಿನ ತಿನ್ನೋದು ಅದನ್ನೇ. ಕೋಳಿ ಅಂದರೆ ಹಗುರ, ಎಣ್ಣೆ ಹಾಕದೆ ಬಿಸಿ ಮಾಡಿದರೆ ಆಯಿತು, ಮಾಳಿಗಿ ಮೇಲೆ ಧೂಳಿನಲ್ಲಿ ಒಣಗಿದ್ದಲ್ಲ, ಕಂಪನಿಯ ಪ್ಯಾಕೆಟ್. ಎರಡು ಬ್ರೆಡ್ಡಿನ ನಡುವೆ ಇಟ್ಟು, ಟೊಮೆಟೊ ಸಾಸ್ ಹಾಕಿ ಕೊಡುತ್ತಿದ್ದೆ. ಅಪ್ಪ ಬಾಯಿ ಮುಚ್ಚಿಕೊಂಡು ತಿಂದ. "ಇದೇನ್ ರಬ್ಬರ್ ಇದ್ದಂಗ ಅದ" ಅಂತ ಒಂದೇ ಸಲ ಅಂದಿದ್ದ.

ಹತ್ತು ದಿನವಾದರೂ ಬಾವು ಇಳಿಯಲಿಲ್ಲ. ತೂಕ ಎರಡು ಕಿಲೋ ಜಾಸ್ತಿ. ಬೆಂಗಳೂರಿನಲ್ಲೇ ಒಬ್ಬ ಡಯಟಿಷಿಯನ್ ಹತ್ತಿರ ಕರೆದೊಯ್ದೆ. ನಾನು ಹೆಮ್ಮೆಯಿಂದ ಪಟ್ಟಿ ಹೇಳಿದೆ: ಉಪ್ಪಿನಕಾಯಿ ಬಂದ್, ಹಪ್ಪಳ ಬಂದ್, ಒಣಖಂಡ ಬಂದ್, ಈಗ ಬರೀ ಚಿಕನ್ ಸಾಸೇಜ್. ಆಕೆ ಪೆನ್ನು ಕೆಳಗಿಟ್ಟರು. "ಆ ಪ್ಯಾಕೆಟ್ಟಿನ ಹಿಂದೆ ಏನು ಬರೆದಿದೆ ಅಂತ ಓದಿದ್ದೀರಾ?"

ಲೆಕ್ಕಪತ್ರ ನೋಡೋದೇ ನನ್ನ ಕೆಲಸ. ಬೇರೆಯವರ ಬ್ಯಾಲೆನ್ಸ್ ಶೀಟಿನಲ್ಲಿ ಒಂದು ರೂಪಾಯಿ ತಪ್ಪು ಹುಡುಕುವವಳು ನಾನು. ಪ್ಯಾಕೆಟ್ಟಿನ ಹಿಂಬದಿ ಒಂದು ದಿನವೂ ಓದಿರಲಿಲ್ಲ. ಅಲ್ಲೇ ಫೋನಿನಲ್ಲಿ ತೆಗೆದು ಓದಿದೆವು. 100 ಗ್ರಾಂಗೆ ಸೋಡಿಯಂ 800 ಮಿಲಿಗ್ರಾಂ ಹತ್ತಿರ. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು: 2 ಗ್ರಾಂ. ಅದಕ್ಕೆ ಬ್ರೆಡ್ಡಿನ ಉಪ್ಪು, ಸಾಸಿನ ಉಪ್ಪು ಸೇರಿಸಿ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೊಡ್ಡವರಿಗೂ ಹೇಳೋದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಚಹಾ ಚಮಚ. ಕಿಡ್ನಿ ಕಾಯಿಲೆಯವರಿಗೂ ಮಿತಿ ಅದೇ. ಅಪ್ಪನ ಒಂದು ಹೊತ್ತಿನ ತಿಂಡಿಯಲ್ಲೇ ಅದರ ಅರ್ಧಕ್ಕಿಂತ ಹೆಚ್ಚು ಹೋಗುತ್ತಿತ್ತು.

ಆಮೇಲೆ ಆಕೆ ಸಣ್ಣಕ್ಷರದಲ್ಲಿದ್ದ ಐಎನ್‌ಎಸ್ 451 ತೋರಿಸಿದರು. ಅದು ಫಾಸ್ಫೇಟ್. 450, 452 ಕೂಡ ಅದೇ ಕುಲ. ಮಾಂಸ ನೀರು ಹಿಡಿದುಕೊಂಡು ಮೆತ್ತಗೆ, ದಪ್ಪಗೆ ಇರಲಿ ಅಂತ ಹಾಕುತ್ತಾರೆ. ಮಾಂಸದಲ್ಲಿ ಸಹಜವಾಗಿಯೇ ರಂಜಕ ಇದ್ದೇ ಇರುತ್ತದೆ, ಅದರಲ್ಲಿ ಸುಮಾರು ಅರ್ಧ ಮಾತ್ರ ನಮ್ಮ ಮೈ ಹೀರಿಕೊಳ್ಳುತ್ತದೆ. ಹೊರಗಿನಿಂದ ಸೇರಿಸಿದ್ದು ಹೆಚ್ಚುಕಮ್ಮಿ ಪೂರ್ತಿ ರಕ್ತಕ್ಕೆ ಹೋಗುತ್ತದೆ. ಸೋತ ಕಿಡ್ನಿ ಅದನ್ನು ಹೊರಹಾಕಲಾರದು. ಎಲುಬು ಸವೆಯುತ್ತದೆ, ರಕ್ತನಾಳ ಗಟ್ಟಿಯಾಗುತ್ತದೆ. ಎಷ್ಟು ರಂಜಕ ಇದೆ ಅಂತ ಪ್ಯಾಕೆಟ್ ಮೇಲೆ ಬರೆದಿರೋದಿಲ್ಲ, ಆ ನಂಬರ್ ಒಂದೇ ಗುರುತು. ಪಕ್ಕದಲ್ಲೇ 250 ಇತ್ತು, ಸೋಡಿಯಂ ನೈಟ್ರೈಟ್, ಬಣ್ಣ ಗುಲಾಬಿಯಾಗಿ ಉಳಿಯೋಕೆ, ಕೆಡದಿರೋಕೆ. ಉಪ್ಪು, ಹೊಗೆ, ನೈಟ್ರೈಟ್ ಹಾಕಿ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಕ್ಯಾನ್ಸರ್ ತರುವ ಆಹಾರದ ಪಟ್ಟಿಗೆ ಸೇರಿಸಿದೆ. ಅದು ಕಿಡ್ನಿ ಸರಿ ಇರುವ ನನಗೂ ಅನ್ವಯಿಸುವ ಮಾತು.

ಅತ್ತಿ ಖಂಡದಿಂದ ನೀರು ತೆಗೀತಾಳೆ, ಕಂಪನಿ ಖಂಡಕ್ಕೆ ನೀರು ತುಂಬ್ತದೆ. ಎರಡಕ್ಕೂ ಉಪ್ಪೇ ಬೇಕು. ನಾನು ಅತ್ತಿಯನ್ನು ಬೈದು, ಅವಳ ಡಬ್ಬಿ ಕಿತ್ತುಕೊಂಡು, ಅದಕ್ಕಿಂತ ಕೆಟ್ಟದ್ದನ್ನು ನನ್ನ ಕೈಯಾರೆ ಅಪ್ಪನ ತಾಟಿಗೆ ಹಾಕಿದ್ದೆ. ಹೊರಗೆ ಬಂದ ಮೇಲೆ ಅಪ್ಪ ಏನಾದರೂ ಅನ್ನಲಿ ಅಂತ ಕಾದೆ. ಅವನು ಅಂದದ್ದು, "ಇರ್ಲಿ ಬಿಡವಾ, ನಿನಗೂ ಗೊತ್ತಿದ್ದಿಲ್ಲ."

ನಿನಗೂ. ಆ ಒಂದು ಅಕ್ಷರ ಅವತ್ತು ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ.

ಮುಂದಿನ ವಾರಗಳಲ್ಲಿ ಕಲಿತದ್ದನ್ನು ಗಡಿಬಿಡಿಯಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಓದುವ ಯಾರದೋ ಮನೆಯಲ್ಲೂ ಒಬ್ಬ ಅಪ್ಪ ಇರಬಹುದು. ನನ್ನ ಚಿಕ್ಕಪ್ಪನ ಮಗ ಕಡಿಮೆ ಸೋಡಿಯಂ ಉಪ್ಪು ತಂದುಕೊಟ್ಟ. ತಂದವನ ಮನಸ್ಸು ಒಳ್ಳೆಯದು, ಆದರೆ ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಕಿಡ್ನಿ ಕೆಲಸ ಮಾಡದಿದ್ದರೆ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹೃದಯದ ಬಡಿತ ತಪ್ಪಿಸಬಹುದು. ಕೆಲವು ಬಿಪಿ ಗುಳಿಗಿಗಳೂ ಪೊಟ್ಯಾಸಿಯಂ ಏರಿಸುತ್ತವೆ. ಡಾಕ್ಟರಿಗೆ ಕೇಳದೆ ಅದು ಬೇಡವೇ ಬೇಡ. ಇನ್ನು ಮನೆಯ ಉಪ್ಪಿನ ಲೆಕ್ಕ. ಕಕ್ಕೇರಾದಲ್ಲಿ ಅಪ್ಪ, ಅವ್ವ, ತಮ್ಮ ಮೂರು ಜನ, ತಿಂಗಳಿಗೆ ಒಂದು ಕಿಲೋ ಪ್ಯಾಕೆಟ್. ಭಾಗಿಸಿ ನೋಡಿ, ತಲೆಗೆ ದಿನಕ್ಕೆ 11 ಗ್ರಾಂ. ಒಣಖಂಡ, ಹಪ್ಪಳ ಬೇರೆ. ಪುಣ್ಯಕ್ಕೆ ನಮ್ಮನೆ ಜ್ವಾಳದ ರೊಟ್ಟಿಗೆ ಉಪ್ಪು ಹಾಕೋದಿಲ್ಲ. ಬ್ರೆಡ್ ಬಿಟ್ಟು ಅಪ್ಪ ರೊಟ್ಟಿಗೆ ಮರಳಿದ್ದೇ ಮೊದಲ ಔಷಧ ಆಯಿತು.

ಮೂರು ವಾರದ ನಂತರದ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 2.2. ಬಿಪಿ 142ಕ್ಕೆ 86. ಹೋದ ಕಿಡ್ನಿ ತಿರುಗಿ ಬರೋದಿಲ್ಲ ಅಂತ ಡಾಕ್ಟರ್ ಸ್ಪಷ್ಟವಾಗಿಯೇ ಹೇಳಿದರು. ಇರೋದನ್ನು ಎಷ್ಟು ವರ್ಷ ಎಳೆಯಬಹುದು, ಡಯಾಲಿಸಿಸ್ ಎಷ್ಟು ದೂರ ತಳ್ಳಬಹುದು, ಲೆಕ್ಕ ಅಷ್ಟೇ.

ಊರಿಗೆ ಬಿಡಲು ಹೋದಾಗ ಅತ್ತಿ ಬಂದಿದ್ದಳು. ನಾನು ಎದ್ದು ಕಾಲು ಮುಟ್ಟಿದೆ. "ತಪ್ಪಾತು ಅತ್ತೀ" ಅಂದೆ. "ಏ ಹುಚ್ಚಿ, ಕುಂದ್ರು" ಅಂದಳು. ಸಾಸೇಜ್ ಕತೆ ಪೂರ್ತಿ ಹೇಳಿದೆ. ಅವಳು ನಗಲಿಲ್ಲ. "ಹಂಗಾದ್ರ ನನ್ನ ಖಂಡದಾಗ ಉಪ್ಪು ಎಷ್ಟು ಇರ್ತದ, ಅದನ್ನೂ ನೋಡು" ಅಂದಳು.

ಅವ್ವನ ಅಡುಗೆಮನೆಗೆ ನಾನು ತಂದಿದ್ದ ಸಣ್ಣ ತಕ್ಕಡಿ ಇತ್ತು. ಅತ್ತಿ ಉಪ್ಪಿನ ಡಬ್ಬಿಗೆ ಕೈ ಹಾಕಿ ತನ್ನ ಅಳತೆಯ ಒಂದು ಹಿಡಿ ಹಾಕಿದಳು, ಒಂದು ಕಿಲೋ ಹಸಿ ಖಂಡಕ್ಕೆ ಅಷ್ಟು. 42 ಗ್ರಾಂ. ಒಂದು ಕಿಲೋ ಖಂಡ ಒಣಗಿದರೆ ಉಳಿಯೋದು 300 ಗ್ರಾಂ ಆಸುಪಾಸು, ಮಾಂಸದಲ್ಲಿ ಮುಕ್ಕಾಲು ಭಾಗ ನೀರೇ. ನೀರು ಹೋಗುತ್ತದೆ, ಉಪ್ಪು ಹೋಗೋದಿಲ್ಲ. ಮೊದಲ ದಿನ ಒಂದಿಷ್ಟು ಸೋರಿ ಬಿದ್ದರೂ, ಅಪ್ಪ ಒಂದು ಹೊತ್ತಿಗೆ ತಿನ್ನುವ 30 ಗ್ರಾಂ ಒಣಖಂಡದಲ್ಲಿ 4 ಗ್ರಾಂ ಹತ್ತಿರ ಉಪ್ಪು. ಒಂದು ದಿನದ ಕೋಟಾ ನಾಲ್ಕು ತುಣುಕಿನಲ್ಲಿ ಮುಗಿಯಿತು. ಪ್ರೋಟೀನ್ ಕೂಡ ಹಾಗೇ ಒತ್ತೊತ್ತಾಗಿರುತ್ತದೆ: 100 ಗ್ರಾಂ ಒಣಖಂಡ ಅಂದರೆ 300 ಗ್ರಾಂಗಿಂತ ಹೆಚ್ಚು ಹಸಿ ಖಂಡ ತಿಂದ ಹಾಗೆ. 60 ಕಿಲೋ ತೂಕದ ಅಪ್ಪನಿಗೆ ಡಾಕ್ಟರ್ ಹಾಕಿದ ಮಿತಿ ಕಿಲೋಗೆ 0.8 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 48 ಗ್ರಾಂ ಪ್ರೋಟೀನ್. (ಡಯಾಲಿಸಿಸ್ ಮೇಲಿರುವವರಿಗೆ ಇದಕ್ಕಿಂತ ಜಾಸ್ತಿ ಬೇಕು, ಅಪ್ಪನ ಅಂಕಿಯನ್ನು ಯಾರೂ ಎತ್ತಿಕೊಳ್ಳಬೇಡಿ.)

"ರಾತ್ರಿ ನೆನಿಹಾಕಿ, ನೀರು ಚೆಲ್ಲಿ, ಕುದಿಸಿ ಮತ್ತ ನೀರು ಚೆಲ್ಲಿದ್ರ?" ಅಂತ ಅತ್ತಿ ಕೇಳಿದಳು. ನಾನೂ ಡಯಟಿಷಿಯನ್‌ಗೆ ಇದನ್ನೇ ಕೇಳಿದ್ದೆ. ಉಪ್ಪು ಸಾಕಷ್ಟು ಇಳಿಯುತ್ತದೆ, ಪೂರ್ತಿ ಹೋಗೋದಿಲ್ಲ, ಪ್ರೋಟೀನ್ ಇಳಿಯೋದಿಲ್ಲ. ಉಪ್ಪೇ ಹಾಕದೆ ಒಣಗಿಸಿದರೆ? ಕೆಟ್ಟು ಹೊಟ್ಟೆಗೆ ಬೇರೆ ಕಾಟ. ಆ ಉಪ್ಪು ಇರೋದೇ ಕೆಡದಿರಲಿ ಅಂತ.

ಅತ್ತಿ ತಕ್ಕಡಿಯ ಮೇಲಿದ್ದ ಉಪ್ಪನ್ನು ಬೆರಳಿಂದ ಒಟ್ಟು ಮಾಡುತ್ತಾ ಬಹಳ ಹೊತ್ತು ಕೂತಳು. ಆಮೇಲೆ ಅಪ್ಪನ ಕಡೆ ತಿರುಗಿ ಅಂದಳು, "ನೀ ದೂರ ಇದ್ದಿ ಅಂತ ಒಣಗಿಸಿ ಇಡ್ತಿದ್ದೆ. ಈಗ ಊರಾಗೇ ಇದ್ದೀಯಲ್ಲೋ ತಮ್ಮಾ. ಒಣಗಸೂದ್ಯಾಕ? ಜಾತ್ರಿಗಿ ಬಾ."

ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಅಪ್ಪ ಬೆಂಗಳೂರು ಬಿಟ್ಟು ಬಂದು ಆರು ವರ್ಷ. ಆರು ವರ್ಷವೂ ಅವನ ಪಾಲು ಮಾಳಿಗಿ ಮೇಲೆ ಒಣಗಿ ಡಬ್ಬಿ ಸೇರುತ್ತಲೇ ಇತ್ತು. ಸೊಂಟ ನೋವು, ಬಿಸಿಲು ಅಂತ ಅವನೂ ಹೋಗುತ್ತಿರಲಿಲ್ಲ.

ಈ ವರ್ಷ ಹೋದ. ನಾನೂ ರಜೆ ಹಾಕಿದ್ದೆ. ಎಲ್ಲರಿಗೂ ದೊಡ್ಡ ಗುಂಡಿಯಲ್ಲಿ ಅಡುಗೆ ಆದರೆ ಅಪ್ಪನಿಗೆ ಅತ್ತಿ ಬೇರೆ ಸಣ್ಣ ಪಾತ್ರೆ ಇಟ್ಟಿದ್ದಳು. ಹಸಿ ಖಂಡ, ಎರಡೇ ತುಣುಕು, ತೂಗಿದರೆ 60 ಗ್ರಾಂ. ಬಳ್ಳೊಳ್ಳಿ, ಕೊತ್ತಂಬರಿ, ಮನೆಯ ಖಾರ, ಕೊನೆಗೆ ಒಂದು ಚೂರು ಲಿಂಬಿಹುಳಿ. ಉಪ್ಪು ಚಿಟಿಕೆ. ರಸ ಕಡಿಮೆ, ರೊಟ್ಟಿ ಎರಡು. ಅವತ್ತು ಬೇಳೆ, ಮೊಸರು ಬಂದ್.

"ಸಪ್ಪಗದ" ಅಂದ ಅಪ್ಪ.

"ಹದಿನಾರ್ ವರ್ಷ ಉಪ್ಪು ತಿಂದಿ, ಸಾಕಾತಿಲ್ಲೇನು" ಅಂದಳು ಅತ್ತಿ. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಅಪ್ಪ ತಾಟು ಬೆರಳಿಂದ ಬಳಿದ.

ಈಗಲೂ ಅವನು ಸಾಧು ಆಗಿಲ್ಲ. ಹೋದ ತಿಂಗಳು ಯಾರದೋ ಮನೆಯಲ್ಲಿ ಹಪ್ಪಳ ತಿಂದು ಬಂದಿದ್ದ; ಅವ್ವ ಫೋನಿನಲ್ಲಿ ವರದಿ ಒಪ್ಪಿಸಿದಳು. ನಾನು ಬೈಯಲಿಲ್ಲ. ನನ್ನ ಫ್ರಿಜ್ಜಿನಲ್ಲಿ ಸಾಸೇಜ್ ಪ್ಯಾಕೆಟ್ ಇಲ್ಲ ಅಂತ ಧೈರ್ಯವಾಗಿ ಹೇಳುವ ಸ್ಥಿತಿಯಲ್ಲಿ ನಾನೂ ಇಲ್ಲ. ವಾರಕ್ಕೆ ಮೂರು ಇದ್ದದ್ದು ತಿಂಗಳಿಗೆ ಒಂದಕ್ಕೆ ಬಂದಿದೆ. ನನ್ನ ಬಿಪಿ ನೋಡಿಸಿಕೊಂಡೆ, 29 ವರ್ಷಕ್ಕೆ 134ಕ್ಕೆ 88. ಅದೊಂದು ಬೇರೆ ಕತೆ.

ಜಾತ್ರೆ ಮುಗಿಸಿ ಬೆಂಗಳೂರು ಬಸ್ ಹತ್ತುವಾಗ ಅತ್ತಿ ನನ್ನ ಕೈಗೆ ಒಂದು ಡಬ್ಬಿ ಇಟ್ಟಳು. ಹಿಂದಿನ ಬೇಸಿಗೆಯಲ್ಲಿ ಒಣಗಿಸಿದ್ದು, ಸಣ್ಣ ಡಬ್ಬಿ. "ಉಪ್ಪು ಅರ್ಧ ಹಿಡಿನೇ ಹಾಕೇನಿ, ಫ್ರಿಜ್ಜಿನ್ಯಾಗ ಇಡು. ನೆನಿಹಾಕಿ ನೀರು ಚೆಲ್ಲಿ ಮಾಡ್ಕೋ. ಈಗ ದೂರ ಇರಾಕಿ ನೀನೇ ಅಲ್ಲ" ಅಂದಳು.

ಡಬ್ಬಿ ಇದ್ದ ಚೀಲವನ್ನು ಬಸ್ಸಿನವರೆಗೆ ಹೊತ್ತು ತಂದದ್ದು ಅಪ್ಪ. ಸೀಟಿನ ಕೆಳಗೆ ಇಡುವ ಮೊದಲು ಮುಚ್ಚಳ ಒಂದು ಸಲ ತೆಗೆದು ಮೂಸಿ ನೋಡಿದ. ನನ್ನ ಕಡೆ ನೋಡಿದ. ಮುಚ್ಚಿ, ಗಟ್ಟಿಯಾಗಿ ತಿರುವಿ, ಒಳಗೆ ತಳ್ಳಿ ಇಳಿದು ಹೋದ.